ವೆರ್ನರ್ ಹೆರ್ಜೋಗ್‌ಗೆ ಜರ್ಮನಿಯಲ್ಲೇ ಯಾಕೆ ಅಷ್ಟು ಪ್ರೇಕ್ಷಕರಿಲ್ಲ?

ಹಾಸನದ_ಪ್ರೇಕ್ಷಕ ಕೇಳಿದ್ದು:

ಪೆಂಗ್ವಿನ್ ಒಂದು ಹಿಂಡು ಬಿಟ್ಟು ಒಂಟಿಯಾಗಿ ಹಿಮದ ಬೆಟ್ಟದ ಕಡೆ ನಡೆದುಹೋಗುವ ತುಣುಕು ರೀಲ್ಸ್‌ನಲ್ಲಿ ಓಡಾಡುತ್ತದಲ್ಲ, ಅದರ ಮೂಲ ಹುಡುಕುತ್ತಾ ವೆರ್ನರ್ ಹೆರ್ಜೋಗ್ ಹೆಸರಿಗೆ ಬಂದೆ. ಅಮೆರಿಕದವರು ಬರೆದದ್ದು ಓದಿದರೆ ಬದುಕಿರುವ ಜರ್ಮನ್ ನಿರ್ದೇಶಕರಲ್ಲಿ ಇವರದೇ ಮೊದಲ ಹೆಸರು. ಆದರೆ ಜರ್ಮನಿಯಲ್ಲಿ ಹೆಚ್ಚು ಓಡಿದ ಚಿತ್ರಗಳ ಪಟ್ಟಿ ತೆಗೆದು ನೋಡಿದರೆ ಇವರ ಒಂದು ಚಿತ್ರವೂ ಇಲ್ಲ.

ಹೊರಗೆ ಇಷ್ಟು ಹೆಸರಿರುವವರು ಸ್ವಂತ ದೇಶದಲ್ಲಿ ಯಾಕೆ ಹಾಗಿಲ್ಲ? ಸಾಕ್ಷ್ಯಚಿತ್ರಗಳಲ್ಲಿ ಕಟ್ಟಿದ ದೃಶ್ಯಗಳನ್ನು ಸೇರಿಸುತ್ತಾರೆ ಎನ್ನುವ ಮಾತು ನಿಜವಾ? ಇನ್ನೊಂದು, ನಮ್ಮ ಊರಿನ ಸಣ್ಣ ಗುಂಪಿಗೆ ತೋರಿಸಬೇಕು ಅಂತಿದೆ. ಯಾವುದರಿಂದ ಶುರು ಮಾಡಬೇಕು, ಯಾವ ಭಾಷೆಯ ಪ್ರತಿ ಹಾಕಬೇಕು? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.


ರೀಲುಡಬ್ಬಿ:

ದುಡ್ಡಿನ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಜರ್ಮನಿಯಲ್ಲಿ ಚಿತ್ರದ ಗೆಲುವನ್ನು ಗಳಿಕೆಗಿಂತ ಟಿಕೆಟ್ ಲೆಕ್ಕದಲ್ಲಿ ಹೇಳುವುದು ರೂಢಿ. 2001ರ ‘ಡೆರ್ ಶೂ ಡೆಸ್ ಮಾನಿಟು’ ಎಂಬ ಹಾಸ್ಯಚಿತ್ರಕ್ಕೆ ಅಲ್ಲಿ 1 ಕೋಟಿ 10 ಲಕ್ಷಕ್ಕೂ ಮೀರಿ ಟಿಕೆಟ್ ಹೋದವು. ನೀವು ನೋಡಿದ ಪಟ್ಟಿಯ ತುಂಬ ಇರುವುದು ಈ ಜಾತಿಯ ಚಿತ್ರಗಳು. ಮನೆಯೊಳಗೆ ಭಾರಿ ಜನಪ್ರಿಯ, ಗಡಿ ದಾಟಿದರೆ ಹೆಸರು ಕೇಳಿದವರು ಕಡಿಮೆ. ಹೆರ್ಜೋಗ್ ಇದಕ್ಕೆ ತದ್ವಿರುದ್ಧ. ಅವರ ಒಂದೊಂದು ಚಿತ್ರಕ್ಕೂ ಒಂದೊಂದು ದೇಶದಲ್ಲಿ ಸ್ವಲ್ಪ ಸ್ವಲ್ಪ ಪ್ರೇಕ್ಷಕರು, ಆದರೆ 50 ವರ್ಷದಿಂದ ಕರಗದ ಪ್ರೇಕ್ಷಕರು.

ಇದು ಹೇಗಾಯಿತು ಎನ್ನುವುದಕ್ಕೆ 1972ರ ‘ಅಗಿರ್ರೆ’ (ಅಮೆಜಾನ್ ಕಾಡಿನಲ್ಲಿ ಚಿನ್ನದ ನಾಡು ಹುಡುಕುವ ಸ್ಪೇನ್ ಪಡೆಯ ಕಥೆ) ಒಂದನ್ನು ನೋಡಿದರೆ ಸಾಕು. ಒಟ್ಟು ಖರ್ಚು ಸುಮಾರು 3 ಲಕ್ಷ 70 ಸಾವಿರ ಡಾಲರ್, ಅದರಲ್ಲಿ ಮೂರನೇ ಒಂದು ಪಾಲು ನಾಯಕ ಕ್ಲಾಸ್ ಕಿನ್ಸ್ಕಿಯ ಸಂಭಾವನೆಗೇ ಹೋಯಿತು. ಪೆರುವಿನ ಕಾಡು, ನದಿಗಳಲ್ಲಿ ಐದೇ ವಾರದ ಚಿತ್ರೀಕರಣ. ಬಂಡವಾಳದಲ್ಲಿ ಒಂದು ಭಾಗ ಹೆಸ್ಸಿಷರ್ ರುಂಡ್‌ಫಂಕ್ ಎಂಬ ಪ್ರಾದೇಶಿಕ ಟೀವಿ ವಾಹಿನಿಯದು. ಹಣ ಹಾಕಿದ ವಾಹಿನಿ, ಚಿತ್ರಮಂದಿರದಲ್ಲಿ ಬಿಡುಗಡೆಯಾದ ದಿನವೇ ಚಿತ್ರವನ್ನು ಟೀವಿಯಲ್ಲೂ ಹಾಕಿಬಿಟ್ಟಿತು. ಮನೆಯಲ್ಲಿ ಬಿಟ್ಟಿ ಸಿಗುವುದಕ್ಕೆ ಟಿಕೆಟ್ ಕೊಳ್ಳುವವರು ಯಾರು? ಅಲ್ಲಿಗೆ ಜರ್ಮನಿಯ ಚಿತ್ರಮಂದಿರದ ಕಥೆ ಮುಗಿಯಿತು. ವಾಹಿನಿಗಳಿಗೂ ಚಿತ್ರೋದ್ಯಮಕ್ಕೂ ನಡುವೆ ಒಪ್ಪಂದ ಆದದ್ದು 1974ರಲ್ಲಿ. ಮೊದಲು ಚಿತ್ರಮಂದಿರ, ಒಂದಷ್ಟು ಕಾಲ ಬಿಟ್ಟೇ ಟೀವಿ ಎಂಬ ಕ್ರಮ ಗಟ್ಟಿಯಾದದ್ದು ಆಮೇಲೆ. ‘ಅಗಿರ್ರೆ’ಗೆ ಅದು ಎರಡು ವರ್ಷ ತಡ.

ಅದೇ ಚಿತ್ರ 1975ರಲ್ಲಿ ಪ್ಯಾರಿಸ್‌ಗೆ ಹೋಗಿ ಅಲ್ಲಿ ಸುಮಾರು ಒಂದೂವರೆ ವರ್ಷ ಓಡಿತು. 1977ರಲ್ಲಿ ಅಮೆರಿಕ ತಲುಪಿತು. ಮುಂದೆ ವಿಮರ್ಶಕ ರೋಜರ್ ಎಬರ್ಟ್ ದಶಕಗಳ ಕಾಲ ಹೆರ್ಜೋಗ್ ಪರವಾಗಿ ಬರೆಯುತ್ತಲೇ ಬಂದರು. ನಿಮ್ಮ ಪೆಂಗ್ವಿನ್ ಇರುವ ಚಿತ್ರವನ್ನು ಹೆರ್ಜೋಗ್ ಎಬರ್ಟ್‌ಗೇ ಅರ್ಪಿಸಿದ್ದಾರೆ. ಒಟ್ಟಿನಲ್ಲಿ ಕೀರ್ತಿ ಮೊದಲು ಹೊರಗೆ ಬೆಳೆಯಿತು, ಆಮೇಲೆ ಊರಿಗೆ ಸುದ್ದಿ ಬಂತು.


ಮಂಜು_ಮತ್ತು_ಬೆಟ್ಟ:

ರೀಲುಡಬ್ಬಿಯವರು ಹೇಳಿದ್ದು ಸರಿ, ಆದರೆ ಟೀವಿಯೊಂದರ ಮೇಲೆ ಭಾರ ಹಾಕಿದರೆ ಸಾಲದು. ಅದೇ ಪೀಳಿಗೆಯ ಇನ್ನೊಬ್ಬ ಜರ್ಮನ್ ನಿರ್ದೇಶಕ ಫಾಸ್‌ಬಿಂಡರ್ ಚಿತ್ರಗಳಿಗೂ ಟೀವಿಯ ದುಡ್ಡೇ ಇತ್ತು. ಆದರೂ ಜರ್ಮನ್ ವಿಮರ್ಶಕರು ಅವರನ್ನು ತಮ್ಮವರು ಅಂತ ಬೈದರು, ತಮ್ಮವರು ಅಂತಲೇ ಎತ್ತಿ ಆಡಿದರು. ಹೆರ್ಜೋಗ್‌ಗೆ ಆ ಸಲಿಗೆ ಸಿಗಲಿಲ್ಲ. ಅದಕ್ಕೆ ಕಾರಣ ಜರ್ಮನಿಯ ಚರಿತ್ರೆಯಲ್ಲಿದೆ.

1968ರ ನಂತರದ ಪೀಳಿಗೆಗೆ ಬೇಕಾಗಿದ್ದದ್ದು ನಾಜಿ ಕಾಲದ ಲೆಕ್ಕ ಕೇಳುವ, ಇವತ್ತಿನ ಜರ್ಮನಿಯನ್ನು ತೋರಿಸುವ ಸಿನಿಮಾ. ಫಾಸ್‌ಬಿಂಡರ್ ಅದನ್ನೇ ಮಾಡಿದರು. ಹೆರ್ಜೋಗ್ ಕ್ಯಾಮೆರಾ ಹೊತ್ತು ಸಹಾರಾಕ್ಕೆ, ಪೆರುವಿಗೆ ಹೋದರು. 1970ರ ‘ಈವನ್ ಡ್ವಾರ್ಫ್ಸ್ ಸ್ಟಾರ್ಟೆಡ್ ಸ್ಮಾಲ್’ ಬಂದಾಗ ವಿದ್ಯಾರ್ಥಿ ಚಳವಳಿಯನ್ನು ಗೇಲಿ ಮಾಡಿದ್ದಾರೆ ಎಂದು ಎಡಪಂಥೀಯರು ಸಿಟ್ಟಾದರು. ಇನ್ನು ಅವರ ದೃಶ್ಯಗಳನ್ನು ನೋಡಿ: ಮಂಜು ಕವಿದ ಬೆಟ್ಟ, ಒಂಟಿ ಮನುಷ್ಯ, ಹುಚ್ಚು ಹಂಬಲ, ಹಿಂದೆ ವ್ಯಾಗ್ನರ್ ಸಂಗೀತ. ನಮಗೆ ಅದು ಬರೀ ಭವ್ಯ. ಜರ್ಮನ್ ವಿಮರ್ಶಕನಿಗೆ ಅದು ಮುಂದೆ ನಾಜಿಗಳ ಪ್ರಚಾರಚಿತ್ರ ತೆಗೆದ ಲೇನಿ ರೀಫೆನ್‌ಶ್ಟಾಲ್ ನಟಿಯಾಗಿ ಬೆಳೆದ 1920ರ ದಶಕದ ಪರ್ವತಚಿತ್ರಗಳ ನೆನಪು, ಆ ಭವ್ಯತೆ ಮುಂದೆ ಯಾರ ಸೇವೆಗೆ ನಿಂತಿತು ಎನ್ನುವುದರ ನೆನಪು. ಆ ಅನುಮಾನ ಹುರುಳಿಲ್ಲದ್ದು ಅಂತ ನಾನು ಹೇಳುವುದಿಲ್ಲ. ಆದರೆ ಹೆರ್ಜೋಗ್ ಚಿತ್ರಗಳಲ್ಲಿ ಆ ಒಂಟಿ ಮನುಷ್ಯ ಗೆಲ್ಲುವುದಿಲ್ಲ ಎನ್ನುವುದನ್ನು ಆ ಕಾಲದ ಅನೇಕರು ಗಮನಿಸಲಿಲ್ಲ. ‘ಅಗಿರ್ರೆ’ಯ ಕೊನೆಯಲ್ಲಿ ತೆಪ್ಪದ ಮೇಲೆ ಹೆಣಗಳು, ಸಣ್ಣ ಕೋತಿಗಳ ಹಿಂಡು, ನಡುವೆ ಸಾಮ್ರಾಜ್ಯದ ಮಾತಾಡುತ್ತಾ ನಿಂತ ಒಬ್ಬ. ಕ್ಯಾಮೆರಾ ನೀರಿನ ಮೇಲೆ ಅವನ ಸುತ್ತ ಸುತ್ತುತ್ತಲೇ ಇರುತ್ತದೆ. ಅಧಿಕಾರದ ಹುಚ್ಚನ್ನು ಅದಕ್ಕಿಂತ ನಿಷ್ಠುರವಾಗಿ ತೋರಿಸಿದ ಜರ್ಮನ್ ಚಿತ್ರಗಳು ಕಡಿಮೆ.

ಈ ಅನುಮಾನಕ್ಕೆ ಎದುರಾಗಿ ಹೆರ್ಜೋಗ್ ಪರ ನಿಂತವರು ಲೊಟ್ಟೆ ಐಸ್ನರ್. ಯಹೂದಿ ಮನೆತನದ ಬರ್ಲಿನ್ ವಿಮರ್ಶಕಿ. 1933ರಲ್ಲಿ ಜರ್ಮನಿ ಬಿಟ್ಟು ಪ್ಯಾರಿಸ್ ಸೇರಿ, ಅಲ್ಲಿನ ಸಿನೆಮಾಟೆಕ್ ಎಂಬ ಚಿತ್ರಸಂಗ್ರಹಾಲಯದಲ್ಲಿ ಮೂಕಿಚಿತ್ರಗಳ ಪ್ರತಿಗಳನ್ನು ಕಾಪಾಡಿದವರು. ಮುರ್ನೌ, ಫ್ರಿಟ್ಸ್ ಲಾಂಗ್ ಕಾಲದ ಸಿನಿಮಾವನ್ನು ಹತ್ತಿರದಿಂದ ಕಂಡಿದ್ದ ಅವರು, ನಡುವೆ ಕಡಿದುಹೋಗಿದ್ದ ಪರಂಪರೆ ಈ ಹುಡುಗರಲ್ಲಿ ಮತ್ತೆ ಚಿಗುರಿದೆ ಎಂದು ಒಪ್ಪಿದರು. ಆ ಮಾತಿನ ತೂಕ ದೊಡ್ಡದು. 1974ರಲ್ಲಿ ಅವರಿಗೆ ಕಾಯಿಲೆ ಎಂದು ತಿಳಿದಾಗ ಹೆರ್ಜೋಗ್ ನವೆಂಬರ್ ಚಳಿಯಲ್ಲಿ ಮ್ಯೂನಿಕ್‌ನಿಂದ ಪ್ಯಾರಿಸ್‌ವರೆಗೆ ನಡೆದೇ ಹೋದರು. 1922ರ ಮುರ್ನೌ ಚಿತ್ರವನ್ನು 1979ರಲ್ಲಿ ‘ನೊಸ್ಫೆರಾಟು’ ಆಗಿ ಮತ್ತೆ ಮಾಡಿದ್ದೂ ಅದೇ ಕೊಂಡಿ ಬೆಸೆಯುವ ಕೆಲಸ.

‘ಫಿಟ್ಸ್‌ಕರಾಲ್ಡೊ’ ವಿಷಯದಲ್ಲಿ ಮಾತ್ರ ಟೀಕಾಕಾರರ ಕಡೆಗೂ ನ್ಯಾಯವಿದೆ. 320 ಟನ್ ತೂಕದ ಹಡಗನ್ನು ಯಾವ ತಂತ್ರಚಿತ್ರಣವೂ ಇಲ್ಲದೆ ಗುಡ್ಡ ಹತ್ತಿಸಿದರು. ಕಥೆಗೆ ಪ್ರೇರಣೆಯಾದ ರಬ್ಬರ್ ವ್ಯಾಪಾರಿ ಸಾಗಿಸಿದ್ದು ಅದರ ಹತ್ತನೇ ಒಂದರಷ್ಟು ತೂಕದ ಹಡಗು, ಅದನ್ನೂ ಬಿಚ್ಚಿ ತುಂಡು ತುಂಡಾಗಿ. ಎಂಜಿನಿಯರ್ ಲೆಕ್ಕ ಹಾಕಿದ್ದದ್ದು 20 ಡಿಗ್ರಿ ಇಳಿಜಾರಿಗೆ, ಹೆರ್ಜೋಗ್ ಕೇಳಿದ್ದು 40 ಡಿಗ್ರಿ. ಹಗ್ಗ ಕಿತ್ತರೆ ಕೆಳಗಿರುವ ಕೆಲಸಗಾರರ ಜೀವಕ್ಕೇ ಅಪಾಯ ಎಂದು ಎಚ್ಚರಿಸಿ ಆ ಎಂಜಿನಿಯರ್ ಕೆಲಸ ಬಿಟ್ಟು ಹೋದರು. ಅದಕ್ಕೂ ಮೊದಲು, 1979ರ ಕೊನೆಯಲ್ಲಿ, ಪೆರುವಿನ ಮೂಲನಿವಾಸಿಗಳಾದ ಅಗುವಾರುನಾ ಜನ ತಮ್ಮ ನೆಲದಲ್ಲಿದ್ದ ಚಿತ್ರೀಕರಣದ ಬಿಡಾರವನ್ನು ಸುಟ್ಟಿದ್ದರು. ಮೂಲನಿವಾಸಿಗಳನ್ನು ದುಡಿಸಿಕೊಂಡರು ಎಂಬ ಆರೋಪ ಜರ್ಮನ್ ಪತ್ರಿಕೆಗಳಲ್ಲಿ ಬಹಳ ಕಾಲ ಓಡಿತು, ಹೆರ್ಜೋಗ್ ಅಷ್ಟೇ ಬಲವಾಗಿ ಅಲ್ಲಗಳೆದರು. ಚಿತ್ರ ಹೊರಬಂದ 1982ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶಕ ಪ್ರಶಸ್ತಿ ಬಂದದ್ದೂ ಇದೇ ಚಿತ್ರಕ್ಕೆ. ಹೊರಗೆ ಬಹುಮಾನ, ಮನೆಯಲ್ಲಿ ವಿಚಾರಣೆ.

ಅದೇ ಪೀಳಿಗೆಯ ಜರ್ಮನ್ ನಿರ್ದೇಶಕರ ಪ್ರಶಸ್ತಿಗಳನ್ನು ಪಕ್ಕ ಪಕ್ಕ ಇಟ್ಟು ನೋಡುವುದೂ ಒಳ್ಳೆಯದು. ಶ್ಲೋಂಡಾರ್ಫ್‌ಗೆ 1979ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಪಾಮ್ ಡೋರ್, ಮರುವರ್ಷ ಆಸ್ಕರ್. ಫಾಸ್‌ಬಿಂಡರ್‌ಗೆ 1982ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ. ವೆಂಡರ್ಸ್‌ಗೆ 1984ರಲ್ಲಿ ಪಾಮ್ ಡೋರ್. ಹೆರ್ಜೋಗ್‌ಗೆ ಇವುಗಳಲ್ಲಿ ಒಂದೂ ಇಲ್ಲ. 1975ರಲ್ಲಿ ‘ಕಾಸ್ಪರ್ ಹೌಸರ್’ ಚಿತ್ರಕ್ಕೆ ಕಾನ್‌ನಲ್ಲಿ ತೀರ್ಪುಗಾರರ ದೊಡ್ಡ ಬಹುಮಾನ, ಆಸ್ಕರ್ ವಿಷಯದಲ್ಲಿ ಒಂದು ನಾಮನಿರ್ದೇಶನ. ಜರ್ಮನ್ ಚಲನಚಿತ್ರ ಪ್ರಶಸ್ತಿಯ ಗೌರವ 2013ರಲ್ಲಿ ಬಂತು, ವೆನಿಸ್‌ನ ಜೀವಮಾನ ಸಾಧನೆಯ ಚಿನ್ನದ ಸಿಂಹ 2025ರಲ್ಲಿ, 82 ದಾಟುವ ಹೊತ್ತಿಗೆ. ಈಗ ಜರ್ಮನಿಯಲ್ಲೂ ಅವರನ್ನು ಹಿರಿಯರಾಗಿ ನೋಡುತ್ತಾರೆ. 2022ರಲ್ಲಿ ಬರ್ಲಿನ್‌ನ ಡಾಯ್ಚೆ ಕಿನೆಮಾಟೆಕ್ ಅವರ ಬಗ್ಗೆ ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿತ್ತು.


ಹಾಸನದ_ಪ್ರೇಕ್ಷಕ:

ಇಬ್ಬರಿಗೂ ತುಂಬಾ ಧನ್ಯವಾದ. ಆದರೆ ಒಂದು ಅರ್ಥವಾಗಲಿಲ್ಲ. ಇವರನ್ನು ಈಗಿನ ಹುಡುಗರಿಗೆ ಪರಿಚಯ ಮಾಡಿಕೊಟ್ಟದ್ದು ‘ಅಗಿರ್ರೆ’ ಅಲ್ಲವಲ್ಲ? ಆ ಧ್ವನಿ, ಸಾಕ್ಷ್ಯಚಿತ್ರಗಳು. ಅವುಗಳಲ್ಲಿ ಎಷ್ಟನ್ನು ನಂಬಬಹುದು?


ನಿರೂಪಣೆ_ಕಿವಿ:

ಹೌದು, ಈಗಿನ ಜನಪ್ರಿಯತೆಯ ಎಂಜಿನ್ ಅವರ ಧ್ವನಿ. 1990ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಮೇಲೆ ತಮ್ಮ ಬವೇರಿಯದ ಉಚ್ಚಾರದ ಇಂಗ್ಲಿಷ್‌ನಲ್ಲಿ ತಾವೇ ನಿರೂಪಣೆ ಮಾಡುವುದು ಹೆಚ್ಚಾಯಿತು. 2005ರ ‘ಗ್ರಿಜ್ಲಿ ಮ್ಯಾನ್’ ಅಮೆರಿಕದ ಚಿತ್ರಮಂದಿರಗಳಲ್ಲಿ 30 ಲಕ್ಷ ಡಾಲರ್ ದಾಟಿತು, 2010ರ ‘ಕೇವ್ ಆಫ್ ಫರ್ಗಾಟನ್ ಡ್ರೀಮ್ಸ್’ 50 ಲಕ್ಷ ದಾಟಿತು. ಸಾಕ್ಷ್ಯಚಿತ್ರಕ್ಕೆ ಇದು ಒಳ್ಳೆಯ ಮೊತ್ತ. ಆಮೇಲೆ ‘ದಿ ಸಿಂಪ್ಸನ್ಸ್’ನಲ್ಲಿ ಧ್ವನಿ, ‘ಜ್ಯಾಕ್ ರೀಚರ್’ನಲ್ಲಿ ಖಳ, ‘ದಿ ಮ್ಯಾಂಡಲೋರಿಯನ್’ನಲ್ಲಿ ಪಾತ್ರ. ಅವರ ಒಂದು ಚಿತ್ರವನ್ನೂ ನೋಡದವರಿಗೂ ಆ ಗಂಟಲು ಗೊತ್ತು.

ನಂಬಿಕೆಯ ಪ್ರಶ್ನೆಗೆ ನಿಮ್ಮ ಪೆಂಗ್ವಿನ್ ದೃಶ್ಯವೇ ಸರಿಯಾದ ಉದಾಹರಣೆ. 2007ರ ‘ಎನ್‌ಕೌಂಟರ್ಸ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್’ನಲ್ಲಿ ಅದಕ್ಕೆ ಮೊದಲು ಹೆಚ್ಚು ಮಾತಾಡದ ಒಬ್ಬ ಪೆಂಗ್ವಿನ್ ವಿಜ್ಞಾನಿ ಬರುತ್ತಾರೆ. ಪೆಂಗ್ವಿನ್‌ಗಳಿಗೆ ಹುಚ್ಚು ಹಿಡಿಯುವುದುಂಟೇ ಎಂದು ಹೆರ್ಜೋಗ್ ಕೇಳುತ್ತಾರೆ. ಬಂಡೆಗೆ ತಲೆ ಚಚ್ಚಿಕೊಂಡ ಪೆಂಗ್ವಿನ್ ನಾನು ಕಂಡಿಲ್ಲ, ಆದರೆ ಅವು ದಿಕ್ಕು ತಪ್ಪುವುದುಂಟು ಎಂದು ವಿಜ್ಞಾನಿ ಅಳೆದು ತೂಗಿ ಉತ್ತರಿಸುತ್ತಾರೆ. ಅದಾದ ಮೇಲೆ ಆ ಹಕ್ಕಿ ನಡೆಯುತ್ತದೆ. ದೃಶ್ಯ ನಿಜ, ಹಕ್ಕಿ ದಾರಿ ತಪ್ಪಿದ್ದೂ ನಿಜ. ಅದು ಸಾವಿನ ಕಡೆಗೆ ಮನಸ್ಸು ಮಾಡಿ ಹೊರಟಂತೆ ನಮಗೆ ಅನಿಸುವುದು ನಿರೂಪಣೆ ಮತ್ತು ಸಂಗೀತದಿಂದ. ರೀಲ್ಸ್ ಮಾಡುವವರು ವಿಜ್ಞಾನಿಯ ಮಾತನ್ನು ಕತ್ತರಿಸಿ, ಬೇರೆ ಸಂಗೀತ ಹಾಕಿ, ಉಳಿದದ್ದನ್ನು ಬದುಕಿನ ಪಾಠ ಮಾಡಿಬಿಟ್ಟಿದ್ದಾರೆ. ಪೂರ್ತಿ ಚಿತ್ರದಲ್ಲಿ ಆ ಎಚ್ಚರದ ಉತ್ತರವನ್ನು ಹೆರ್ಜೋಗ್ ಉಳಿಸಿಕೊಂಡಿದ್ದಾರೆ ಎನ್ನುವುದು ಮುಖ್ಯ.

ಇನ್ನು ನಿಜವಾಗಿಯೂ ಕಟ್ಟಿದ್ದು. 1992ರ ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ ಶುರುವಿನಲ್ಲಿ ಫ್ರೆಂಚ್ ಚಿಂತಕ ಪಾಸ್ಕಲ್ ಹೆಸರಿನಲ್ಲಿ ಬರುವ ಸಾಲನ್ನು ಬರೆದವರು ಹೆರ್ಜೋಗ್. 1993ರ ‘ಬೆಲ್ಸ್ ಫ್ರಮ್ ದಿ ಡೀಪ್’ನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೈಚಾಚಿ, ತಳದಲ್ಲಿ ಮುಳುಗಿದೆ ಎಂದು ಜನ ನಂಬುವ ಪಟ್ಟಣವನ್ನು ಇಣುಕುವ ಭಕ್ತರು ಹತ್ತಿರದ ಊರಿನಿಂದ ಕರೆತಂದ ಕುಡುಕರು. 1997ರ ‘ಲಿಟಲ್ ಡೀಟರ್ ನೀಡ್ಸ್ ಟು ಫ್ಲೈ’ನಲ್ಲಿ, ಹಿಂದೆ ಯುದ್ಧಕೈದಿಯಾಗಿದ್ದ ಡೀಟರ್ ಮನೆಯ ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚುವುದು ಹೆರ್ಜೋಗ್ ಹೇಳಿ ಮಾಡಿಸಿದ್ದು. ಇವನ್ನೆಲ್ಲ ಅವರು ಬಚ್ಚಿಟ್ಟಿಲ್ಲ, ಸಂದರ್ಶನಗಳಲ್ಲಿ ತಾವೇ ಹೇಳಿದ್ದಾರೆ. 1999ರಲ್ಲಿ ಮಿನಿಯಾಪೊಲಿಸ್‌ನಲ್ಲಿ 12 ಅಂಶಗಳ ಘೋಷಣೆ ಹೊರಡಿಸಿ, ಬರೀ ವಾಸ್ತವಾಂಶ ಒಟ್ಟು ಮಾಡುವುದು ಲೆಕ್ಕಿಗನ ಕೆಲಸ, ನಾನು ಹುಡುಕುವ ಸತ್ಯ ಬೇರೆ ಎಂಬ ವಾದವನ್ನೇ ಮುಂದಿಟ್ಟರು. ಹಾಗಾಗಿ ಅಂಕಿಅಂಶಕ್ಕೆ, ಘಟನೆಯ ದಾಖಲೆಗೆ ಇವರ ಚಿತ್ರವನ್ನು ಆಧಾರ ಮಾಡಬೇಡಿ. ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ಉರಿಯುವ ತೈಲಬಾವಿಗಳು ಗಲ್ಫ್ ಯುದ್ಧ ಕಾಲದ ಕುವೈತ್‌ನವು ಎಂದು ಎಲ್ಲೂ ಹೇಳುವುದಿಲ್ಲ. ಬರ್ಲಿನ್ ಉತ್ಸವದಲ್ಲಿ ಪ್ರೇಕ್ಷಕರು ಕೂಗಾಡಿದ್ದು ಅದಕ್ಕೇ: ಯುದ್ಧದ ನೋವನ್ನು ಅಂದವಾಗಿ ತೋರಿಸಿದ್ದೀರಿ ಎಂದು. ನನ್ನ ಮಟ್ಟಿಗೆ ಪಾಸ್ಕಲ್ ಹೆಸರಿನ ಸಾಲು ತಪ್ಪು, ಅದರ ಅಗತ್ಯವೇ ಇರಲಿಲ್ಲ. ಬಾಗಿಲಿನ ದೃಶ್ಯ ಸರಿ, ಅದರಿಂದ ಡೀಟರ್ ಬಗ್ಗೆ ತಿಳಿಯುವುದು ಸುಳ್ಳಾಗುವುದಿಲ್ಲ.

ಸಂಯಮ ಎಲ್ಲಿದೆ ಎಂದು ನೋಡಬೇಕಾದರೆ ‘ಗ್ರಿಜ್ಲಿ ಮ್ಯಾನ್’ನ ಒಂದು ದೃಶ್ಯ ಗಮನಿಸಿ. ಕರಡಿಗಳ ನಡುವೆ 13 ಬೇಸಿಗೆ ಕಳೆದ ಟ್ರೆಡ್‌ವೆಲ್, ಅವರ ಗೆಳತಿ, ಇಬ್ಬರೂ 2003ರಲ್ಲಿ ಕರಡಿಗೆ ಬಲಿಯಾದರು. ಕ್ಯಾಮೆರಾದ ಮುಚ್ಚಳ ತೆಗೆದಿರಲಿಲ್ಲ, ಆದರೆ ಸದ್ದು ದಾಖಲಾಗಿತ್ತು. ಹೆರ್ಜೋಗ್ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತಾರೆ. ಕ್ಯಾಮೆರಾ ಇರುವುದು ಅವರ ಬೆನ್ನ ಹಿಂದೆ. ನಮಗೆ ಕಾಣುವುದು ಎದುರು ಕುಳಿತ, ಟೇಪಿನ ಒಡತಿಯಾದ ಹೆಂಗಸಿನ ಮುಖ. ಆ ಸದ್ದು ಚಿತ್ರದಲ್ಲಿ ಒಂದು ಕ್ಷಣವೂ ಬರುವುದಿಲ್ಲ.


ಪರದೆ_ಅಳತೆ:

ತೋರಿಸುವ ಬಗ್ಗೆ ಕೇಳಿದ್ದಿರಿ.

ಶುರು ‘ಎನ್‌ಕೌಂಟರ್ಸ್’ನಿಂದಲೇ ಮಾಡಿ, 99 ನಿಮಿಷ, ತುಣುಕು ನೋಡಿದವರೆಲ್ಲ ಬರುತ್ತಾರೆ. ಎರಡನೆಯದು ‘ಗ್ರಿಜ್ಲಿ ಮ್ಯಾನ್’. ಇವೆರಡೂ ಮೂಲದಲ್ಲೇ ಇಂಗ್ಲಿಷ್, ತೊಂದರೆಯಿಲ್ಲ. ಮೂರನೆಯದು ‘ಕಾಸ್ಪರ್ ಹೌಸರ್’, ‘ಅಗಿರ್ರೆ’ ಅದರ ನಂತರ. ಕಾರಣ ಇದೆ: ‘ಅಗಿರ್ರೆ’ಯಲ್ಲಿ ಕಥೆ ತೆಳು, ನದಿ ಮತ್ತು ಮೌನವೇ ಹೆಚ್ಚು. ನಿಧಾನಕ್ಕೆ ಒಗ್ಗಿಕೊಳ್ಳದ ಗುಂಪು ಅರ್ಧಕ್ಕೆ ಮೊಬೈಲ್ ತೆಗೆಯುತ್ತದೆ. ‘ಕಾಸ್ಪರ್ ಹೌಸರ್’ನಲ್ಲಿ ಹಿಡಿದಿಡಲು ಬ್ರೂನೋ ಎಸ್. ಇದ್ದಾರೆ. ಬಾಲ್ಯ, ಯೌವನ ಎರಡನ್ನೂ ಆಶ್ರಮ, ಆಸ್ಪತ್ರೆಗಳಲ್ಲಿ ಕಳೆದ, ಎಂದೂ ನಟಿಸಿರದ ವ್ಯಕ್ತಿ. ಅವರು ಒಂದೊಂದು ಶಬ್ದವನ್ನೂ ಎತ್ತಿಟ್ಟಂತೆ ಆಡುವುದನ್ನು ಕೇಳಿದರೆ ಜರ್ಮನ್ ಬಾರದವರಿಗೂ ವಿಷಯ ಮುಟ್ಟುತ್ತದೆ.

ಭಾಷೆಯ ಪ್ರತಿ ಆರಿಸುವಾಗ ಎಡವುವುದು ಸುಲಭ. ‘ಅಗಿರ್ರೆ’ ಚಿತ್ರೀಕರಣದಲ್ಲಿ ನಟರು ಆಡಿದ್ದು ಇಂಗ್ಲಿಷ್, ಆಮೇಲೆ ಜರ್ಮನ್‌ಗೆ ಡಬ್ ಮಾಡಿದರು. ಜರ್ಮನ್ ಪ್ರತಿಯಲ್ಲಿ ಕಿನ್ಸ್ಕಿಯ ಧ್ವನಿ ಕೂಡ ಬೇರೆ ನಟನದು, ಯಾಕೆಂದರೆ ಡಬ್ಬಿಂಗ್‌ಗೆ ಕಿನ್ಸ್ಕಿ ಕೇಳಿದ ಹಣ ಕೊಡಲಾಗಲಿಲ್ಲ. ತುಟಿಗೂ ಮಾತಿಗೂ ಹೊಂದುವುದಿಲ್ಲ ಎಂದು ಪ್ರತಿ ಕೆಟ್ಟಿದೆ ಅಂದುಕೊಳ್ಳಬೇಡಿ. ಆದರೂ ಜರ್ಮನ್ ಪ್ರತಿಯನ್ನೇ ಹಾಕಿ, ಅದರಲ್ಲಿ ಮಾತಿನ ಲಯ ಚೆನ್ನಾಗಿದೆ. ‘ನೊಸ್ಫೆರಾಟು’ ಕಥೆ ಬೇರೆ. ವಿತರಕರ ಬೇಡಿಕೆಯಂತೆ ಮಾತಿನ ದೃಶ್ಯಗಳನ್ನು ಎರಡೂ ಭಾಷೆಯಲ್ಲಿ ಎರಡು ಸಲ ತೆಗೆದರು, ಹಾಗಾಗಿ ಇಂಗ್ಲಿಷ್ ಪ್ರತಿ ಡಬ್ ಅಲ್ಲ. ಆದರೆ ನಟರು ಇಂಗ್ಲಿಷ್‌ನಲ್ಲಿ ತಡವರಿಸುತ್ತಾರೆ. ಅಲ್ಲೂ ಜರ್ಮನ್ನೇ ಉತ್ತಮ.

ಪರದೆಯ ಅಳತೆ ನೋಡಿಕೊಳ್ಳಿ. ‘ಅಗಿರ್ರೆ’ ಹೆಚ್ಚು ಕಡಿಮೆ ಚೌಕಾಕಾರದ ಚಿತ್ರ, ಹಳೆಯ ಟೀವಿಯ ಆಕಾರ. ಪ್ರೊಜೆಕ್ಟರ್ ತಂತಾನೇ ಎಳೆದು ಅಗಲ ಮಾಡುತ್ತದೆ ಅಥವಾ ಮೇಲೆ ಕೆಳಗೆ ಕತ್ತರಿಸುತ್ತದೆ. ಮೊದಲ ದೃಶ್ಯದಲ್ಲಿ ಬೆಟ್ಟದ ಕಡಿದಾದ ದಾರಿಯಲ್ಲಿ ಇರುವೆಸಾಲಿನಂತೆ ಜನ ಇಳಿಯುತ್ತಾರೆ. ಮೇಲಿನ ಭಾಗ ಕತ್ತರಿಸಿದರೆ ಎತ್ತರವೇ ಗೊತ್ತಾಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಮೂಲ ಅಳತೆಗೆ ಇಟ್ಟು, ಎರಡೂ ಬದಿ ಕಪ್ಪು ಬಿಡಿ.

‘ಫಿಟ್ಸ್‌ಕರಾಲ್ಡೊ’ 157 ನಿಮಿಷ, ನಡುವೆ ವಿರಾಮ ಬೇಕು. ಅದರ ಜೊತೆಗೆ ಲೆಸ್ ಬ್ಲ್ಯಾಂಕ್ ತೆಗೆದ ‘ಬರ್ಡನ್ ಆಫ್ ಡ್ರೀಮ್ಸ್’ ಇನ್ನೊಂದು ದಿನ ಹಾಕಿ. ಎಂಜಿನಿಯರ್ ಜೊತೆಗಿನ ತಕರಾರು, ಬಿಡಾರದ ಜಗಳ ಎಲ್ಲ ಅದರಲ್ಲಿದೆ. ಚರ್ಚೆಗೆ ಅದಿಲ್ಲದಿದ್ದರೆ ಆಗುವುದಿಲ್ಲ.

1971ರ ‘ಲ್ಯಾಂಡ್ ಆಫ್ ಸೈಲೆನ್ಸ್ ಅಂಡ್ ಡಾರ್ಕ್‌ನೆಸ್’ ಸಿಕ್ಕರೆ ಬಿಡಬೇಡಿ, 85 ನಿಮಿಷ. ಕಿವಿ, ಕಣ್ಣು ಎರಡೂ ಇಲ್ಲದವರ ಬಗ್ಗೆ. ಕೊನೆಯಲ್ಲಿ ಒಬ್ಬರು ಬೆಂಚಿನಿಂದ ಎದ್ದು, ತಡವರಿಸುತ್ತಾ ನಡೆದು, ಮರದ ಕೊಂಬೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ನನ್ನ ಪ್ರಕಾರ ಹೆರ್ಜೋಗ್ ಮಾಡಿದ್ದರಲ್ಲಿ ಇದೇ ಮೇಲು. 2015ರ ‘ಕ್ವೀನ್ ಆಫ್ ದಿ ಡೆಸರ್ಟ್’, 2016ರ ‘ಸಾಲ್ಟ್ ಅಂಡ್ ಫೈರ್’ ಬೇಡ. ಪಾತ್ರಗಳು ಎಲ್ಲವನ್ನೂ ಬಾಯಿಬಿಟ್ಟು ವಿವರಿಸುತ್ತವೆ, ಮರುಭೂಮಿ ಬರೀ ಹಿನ್ನೆಲೆಯ ಪರದೆಯಾಗುತ್ತದೆ. ಕಿನ್ಸ್ಕಿಯ ಬಗ್ಗೆ ಹೆರ್ಜೋಗ್ ತೆಗೆದ ಸಾಕ್ಷ್ಯಚಿತ್ರ ‘ಮೈ ಬೆಸ್ಟ್ ಫೀಂಡ್’ ಕೂಡ ಮೊದಲಿಗೇ ಬೇಡ. 2013ರಲ್ಲಿ ಕಿನ್ಸ್ಕಿಯ ಹಿರಿಮಗಳು ತಂದೆಯಿಂದ ತನಗಾದ ದೌರ್ಜನ್ಯದ ಬಗ್ಗೆ ಬರೆದ ಮೇಲೆ, ಅವನ ಸಿಟ್ಟನ್ನು ಪ್ರತಿಭೆಯ ಗುರುತಾಗಿ ತೋರಿಸುವ ಆ ಚಿತ್ರವನ್ನು ಹಳೆಯ ಕಣ್ಣಿನಿಂದ ನೋಡಲಾಗುವುದಿಲ್ಲ.

ಭಾರತದಲ್ಲೇ ತೆಗೆದದ್ದು ಬೇಕಾದರೆ 2003ರ ‘ವೀಲ್ ಆಫ್ ಟೈಮ್’ ಇದೆ, ಬೋಧಗಯೆಯಲ್ಲಿ ಟಿಬೆಟನ್ ಬೌದ್ಧರು ಸೇರುವ ಕಾಲಚಕ್ರ ದೀಕ್ಷೆಯ ಮೇಲೆ. ಬಣ್ಣದ ಮರಳಿನ ಮಂಡಲ ಕಟ್ಟುವುದನ್ನು ಹತ್ತಿರದಿಂದ ತೋರಿಸುತ್ತದೆ. ಉದಯಪುರದಲ್ಲಿ ತೆಗೆದ 1991ರ ‘ಜಗ್ ಮಂದಿರ್’ ಸಾಧಾರಣ.

ಸಾರ್ವಜನಿಕವಾಗಿ ತೋರಿಸಲು ಮನೆಬಳಕೆಯ ಡಿಸ್ಕ್ ಸಾಲದು, ಪ್ರದರ್ಶನದ ಹಕ್ಕು ಬೇರೆಯೇ ಕೇಳಬೇಕು. ಮೊದಲು ಬೆಂಗಳೂರಿನ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಒಂದು ಪತ್ರ ಬರೆದು ಯಾವ ಚಿತ್ರಗಳು ಸಿಗುತ್ತವೆ, ಸಬ್‌ಟೈಟಲ್ ಯಾವ ಭಾಷೆಯಲ್ಲಿದೆ ಎಂದು ವಿಚಾರಿಸಿ.


ಹಾಸನದ_ಪ್ರೇಕ್ಷಕ:

ಬಹಳ ಉಪಕಾರವಾಯಿತು. ಗುಹೆಯ ಚಿತ್ರವನ್ನು, ಅಂದರೆ ‘ಕೇವ್ ಆಫ್ ಫರ್ಗಾಟನ್ ಡ್ರೀಮ್ಸ್’ ಅನ್ನು, ಪಟ್ಟಿಯಲ್ಲಿ ಬಿಟ್ಟಿದ್ದೀರಲ್ಲ, ಬೇಕಂತಲೇ?


ಪರದೆ_ಅಳತೆ:

ಬೇಕಂತಲೇ. ಆ ಗುಹೆಯಲ್ಲಿ ಹೆರ್ಜೋಗ್ ಸೇರಿ ನಾಲ್ಕೇ ಜನಕ್ಕೆ ಅವಕಾಶ, ಎರಡಡಿ ಅಗಲದ ಲೋಹದ ಹಾದಿಯಿಂದ ಕಾಲು ಕೆಳಗಿಡುವಂತಿಲ್ಲ, ಬಿಸಿಯಾಗದ ಬ್ಯಾಟರಿ ದೀಪ ಮಾತ್ರ. ಅಷ್ಟು ಕಷ್ಟದಲ್ಲೂ 3ಡಿ ಕ್ಯಾಮೆರಾ ಒಯ್ದದ್ದು ಯಾಕೆಂದರೆ 30 ಸಾವಿರ ವರ್ಷ ಹಿಂದೆ ಚಿತ್ರ ಬರೆದವರು ಬಂಡೆಯ ಉಬ್ಬುತಗ್ಗನ್ನೇ ಪ್ರಾಣಿಯ ಭುಜ, ಹೊಟ್ಟೆ ಮಾಡಿಕೊಂಡಿದ್ದಾರೆ. 2ಡಿಯಲ್ಲಿ ಆ ಉಬ್ಬು ಸಪಾಟಾಗಿಬಿಡುತ್ತದೆ. 3ಡಿ ಪ್ರೊಜೆಕ್ಟರ್, ಎಲ್ಲರಿಗೂ ಕನ್ನಡಕ ಹೊಂದಿಸಲು ಆದರೆ ಮೂರನೇ ವಾರಕ್ಕೇ ಹಾಕಿ. ಬೇರೆ ದಾರಿಯಿಲ್ಲದೆ 2ಡಿ ಹಾಕುವುದಾದರೆ ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಕೈದೀಪ ಗೋಡೆಯ ಮೇಲೆ ಸರಿಯುವ ದೃಶ್ಯಗಳಲ್ಲಿ ನೆರಳು ಜರುಗುವುದನ್ನು ನೋಡಿ ಎಂದು ಮೊದಲೇ ಹೇಳಿಬಿಡಿ. ಉಬ್ಬುತಗ್ಗು ಅಷ್ಟಿಷ್ಟು ತಿಳಿಯುವುದು ಅಲ್ಲಿ ಮಾತ್ರ.